ಹಂಪನಕಟ್ಟೆಯ ಹಳೆ ನೋಟಿನ ಅಂಗಡಿ: ಮಕ್ಕಳನ್ನು ಕರ್ಕೊಂಡು ಹೋಗಿ

ಮಗಳ ಶಾಲೆ ಪ್ರಾಜೆಕ್ಟಿಗೆ ಅಂತ ಮಂಗಳೂರಿನ ಹಂಪನಕಟ್ಟೆ ಹತ್ರ ಹಳೆ ನೋಟು, ಸ್ಟಾಂಪ್ ಮಾರುವ ಸಣ್ಣ ಅಂಗಡಿಗೆ ಹೋದದ್ದು, ಹತ್ತು ನಿಮಿಷದ ಕೆಲಸ ಅಂತ ಹೋದವರು ಎರಡು ಗಂಟೆ ಕೂತೆವು ಮಾರ್ರೆ.

ಅಂಗಡಿಯವರು ನೋಟುಗಳನ್ನೆಲ್ಲ ಮಗುಚಿ ಹಿಂಬದಿ ಕಾಣುವ ಹಾಗೆ ಇಟ್ರು, ಹಳೆ ಗಾಂಧಿ ಸೀರೀಸ್ ಮೇಲೆ, ಹೊಸದು ಕೆಳಗೆ. ಹಳೆ 5ರಲ್ಲಿ ಟ್ರ್ಯಾಕ್ಟರ್, 10ರಲ್ಲಿ ಹುಲಿ ಆನೆ ಘೇಂಡಾಮೃಗ, 100ರಲ್ಲಿ ಹಿಮಾಲಯ. ಹೊಸದರಲ್ಲಿ ಕೋನಾರ್ಕ, ಎಲ್ಲೋರ, ನಮ್ಮ ಹಂಪಿಯ ಕಲ್ಲಿನ ರಥ, ಗುಜರಾತಿನ ಮೆಟ್ಟಿಲುಬಾವಿ ರಾಣಿ ಕಿ ವಾವ್, ಸಾಂಚಿ, ಕೆಂಪುಕೋಟೆ. ಹಳೆ 50ರಲ್ಲೂ ಪಾರ್ಲಿಮೆಂಟ್ ಇತ್ತು ಸರಿ, ಆದ್ರೆ ಆಗ ದೇಶ ಅಂದ್ರೆ ಬೆಟ್ಟ, ಕಾಡು, ಗದ್ದೆಯೂ ಇತ್ತು, ಈಗ ಹೆಚ್ಚೂಕಡಿಮೆ ಎಲ್ಲಾ ಕಲ್ಲಲ್ಲಿ ಕಟ್ಟಿದ್ದೇ. ಹಂಪಿ ಬಂದದ್ದು ಖುಷಿಯೇ, ಆದ್ರೂ ನನಗೆ ಹಳೇದೇ ಇಷ್ಟ.

ಯಾಕೆ ಅಂದ್ರೆ ಆ ಕೆಂಪು 20ರ ನೋಟು. ತೆಂಗಿನ ಮರ, ಆಚೆ ಕಡಲು. ಮಗಳು ನೋಡಿದ್ದೇ "ಅಮ್ಮ, ಇದು ನಮ್ಮ ಸೋಮೇಶ್ವರ ಬೀಚ್ ಅಲ್ವಾ?" ಅಂತ ಕೇಳಿದ್ಲು. ಅದು ಅಂಡಮಾನಿನದ್ದು, ಪೋರ್ಟ್ ಬ್ಲೇರ್ ಹತ್ರ ಮೌಂಟ್ ಹ್ಯಾರಿಯೆಟ್‌ನಿಂದ ಕಾಣುವ ಕಡಲು ಅಂತ ಅಂಗಡಿಯವರು ಹೇಳಿದ್ರು, ಆದ್ರೆ ಕರಾವಳಿಯವರಿಗೆ ನಮ್ಮೂರೇ ನೋಟಿನಲ್ಲಿ ಉಂಟು ಅಂತ ಅನ್ನಿಸಿದ್ರೆ ತಪ್ಪೆಂತ?

ಆಮೇಲೆ ಸ್ಟಾಂಪ್ ತೆಗೆದ್ರು. 1949 ಆಗಸ್ಟ್ 15ರ ಸೀರೀಸ್, ಒಟ್ಟು 16, ಅದರಲ್ಲಿ 6 ಆಣೆಯದ್ರಲ್ಲಿ ವಿಜಯಪುರದ ಗೋಳಗುಮ್ಮಟ. ಅದೇ ವರ್ಷದ 1 ರೂಪಾಯಿ ನೋಟಲ್ಲಿ ಬ್ರಿಟಿಷ್ ರಾಜನ ಮುಖ ಹೋಗಿ ಸಾರನಾಥದ ಸಿಂಹ ಬಂದದ್ದು. ಅಂಗೈ ಅಗಲದ ಕಾಗದದಲ್ಲಿ ಇನ್ನು ಇದು ನಮ್ಮ ದೇಶ ಅಂತ ಹೇಳಿದ ಹಾಗೆ ಆಯ್ತು, ನನಗೆ ಮೈ ಜುಮ್ ಅಂತು.

ಮಗಳು ನೋಟಿನ ಭಾಷೆಗಳನ್ನೂ ಎಣಿಸಿದ್ಲು, ಪಟ್ಟಿಯಲ್ಲಿ 15, ಕನ್ನಡ ನಾಲ್ಕನೇದು, ಕೊಂಕಣಿ ಆರನೇದು, ತುಳು ಇಲ್ಲ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಲ್ಲ ಅಲ್ವಾ. ಅಂಗಡಿಯವರು ಇಷ್ಟೆಲ್ಲ ವಿವರಿಸಿದ್ದು ಮಾತ್ರ ತುಳುವಲ್ಲೇ.

ಮೆಟ್ಟಿಲು ಕಡಿದು, ವಯಸ್ಸಾದವರಿಗೆ ಕಷ್ಟ. ರೇಟು ಯಾವುದಕ್ಕೂ ಬರೆದಿಲ್ಲ, ಕೇಳಿಯೇ ತಗೊಳ್ಳಿ. ಆಲ್ಬಮ್ ಮಾತ್ರ ಅಲ್ಲಿ ಬೇಡ, ಪ್ಲಾಸ್ಟಿಕ್ ನೋಟಿಗೆ ಅಂಟಿಕೊಳ್ತದೆ. ಕೆಂಪು 20ರದ್ದು ಗರಿಗರಿ ಒಂದು ತಗೊಂಡೆವು, ಮಗಳು ಅದನ್ನ ಪ್ರಾಜೆಕ್ಟಿಗೆ ಕೊಡ್ಲಿಲ್ಲ, ಕಡಲು ಕಾಣುವ ಹಾಗೆ ಮೇಜಿನ ಗಾಜಿನಡಿ ಇಟ್ಕೊಂಡಿದ್ದಾಳೆ.