ಮೆಕ್ಕೆಜೋಳದ ಚಕ್ಕೆ: ಕ್ರೀಮ್ ಏಲ್ ಮಾಡುವವರಿಗಾಗಿ ಒಂದು ವಿಮರ್ಶೆ

ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಚೀಲಗಳ ಪಕ್ಕದಲ್ಲಿ ‘ಫ್ಲೇಕ್ಡ್ ಮೇಜ್’ ಎಂಬ ಚೀಟಿ ಹೊತ್ತ ಹಳದಿ ಬಣ್ಣದ ಚಕ್ಕೆಗಳ ಪೊಟ್ಟಣ ಇರುತ್ತದೆ. ಕಹಿ ಕೊಡುವ ಹಾಪ್ಸ್ ಹೂವಿನ ಬಗ್ಗೆ, ಹುದುಗಿಸುವ ಯೀಸ್ಟ್ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ಚಕ್ಕೆಯ ವಿಚಾರವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಅಗ್ಗದ ಬೆರಕೆ, ಬಿಯರನ್ನು ತೆಳುವಾಗಿಸುತ್ತದೆ. ಈ ತೀರ್ಪು ಅನ್ಯಾಯದ್ದು. ಕ್ರೀಮ್ ಏಲ್ ಎಂದರೆ ಅಮೆರಿಕದಲ್ಲಿ ಹುಟ್ಟಿದ, ತಿಳಿಯಾದ ಹಗುರ ಬಿಯರ್. ಕ್ರೀಮ್ ಏಲ್‌ನಲ್ಲಿ ಮೆಕ್ಕೆಜೋಳಕ್ಕೆ ಅದರದೇ ಆದ ಕೆಲಸವಿದೆ, ಆ ಕೆಲಸವನ್ನು ಬಾರ್ಲಿಯಾಗಲಿ ಸಕ್ಕರೆಯಾಗಲಿ ಮಾಡಲಾರವು. ಮೆಕ್ಕೆಜೋಳದ (ಮುಂದೆ ಬರೀ ‘ಜೋಳ’) ಚಕ್ಕೆ, ತರಿ, ಸಕ್ಕರೆ ಈ ಮೂರರಲ್ಲೂ ಅದೇ ಏಲನ್ನು ಮಾಡಿ ಕುಡಿದು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಬಗ್ಗೆ. ಮೆಕ್ಕೆಜೋಳದ ಕಾಳಿನ ಸಿಪ್ಪೆಯನ್ನೂ ಎಣ್ಣೆ ತುಂಬಿರುವ ಮೊಳಕೆಯ ಭಾಗವನ್ನೂ ತೆಗೆದು, ಉಳಿದುದನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಾಗಿರುವಾಗಲೇ ಉರುಳೆಗಳ ನಡುವೆ ಒತ್ತಿ ಒಣಗಿಸಿದರೆ ಈ ಚಕ್ಕೆ ಸಿದ್ಧ. ಎಣ್ಣೆಯ ಭಾಗ ಹೋಗಬೇಕಾದುದು ಬಹಳ ಮುಖ್ಯ. ಎಣ್ಣೆ ಉಳಿದರೆ ಬಿಯರಿನ ನೊರೆ ನಿಲ್ಲುವುದಿಲ್ಲ, ದಾಸ್ತಾನಿನಲ್ಲಿರುವಾಗಲೇ ಕಮಟು ಹಿಡಿಯುತ್ತದೆ. ಹಾಗಾಗಿ ನಾನು ಪೊಟ್ಟಣ ಒಡೆದ ಕೂಡಲೇ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸುತ್ತೇನೆ, ನಾಲ್ಕು ಚಕ್ಕೆ ಬಾಯಿಗೆ ಹಾಕಿ ಅಗಿಯುತ್ತೇನೆ. ಒಳ್ಳೆಯ ಚಕ್ಕೆ ಕರಕರನೆ ಮುರಿಯುತ್ತದೆ, ಅಗಿದಂತೆಲ್ಲ ಮಂದವಾದ ಸಿಹಿ ಬಿಡುತ್ತದೆ, ಅಂಗೈಗೆ ಜಿಡ್ಡು ಅಂಟಿಸುವುದಿಲ್ಲ. ಒಮ್ಮೆ ಕೊಂಡ ಪೊಟ್ಟಣವೊಂದು ಹಳೆಯ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಮಾರಿದವರು ‘ಕುದಿಸಿದರೆ ಹೋಗುತ್ತದೆ’ ಎಂದರು. ಹೋಗುವುದಿಲ್ಲ. ಕಮಟು ಹಿಡಿದ ಧಾನ್ಯದಿಂದ ಒಳ್ಳೆಯ ಬಿಯರ್ ಹುಟ್ಟುವುದಿಲ್ಲ, ಅದರಲ್ಲೂ ಕ್ರೀಮ್ ಏಲ್‌ನಂತಹ, ಬಚ್ಚಿಡಲು ಯಾವ ಮರೆಯೂ ಇಲ್ಲದ ಬಿಯರ್ ಖಂಡಿತ ಹುಟ್ಟುವುದಿಲ್ಲ.

ಚಕ್ಕೆಯ ದೊಡ್ಡ ಗುಣವೆಂದರೆ ಅದು ಆಗಲೇ ಬೆಂದಿರುತ್ತದೆ. ಪಿಷ್ಟವನ್ನು ಮಾಲ್ಟಿನ ಕಿಣ್ವಗಳು ಸಕ್ಕರೆಯಾಗಿ ಒಡೆಯಬೇಕಾದರೆ ಆ ಪಿಷ್ಟ ಮೊದಲು ನೀರು ಕುಡಿದು, ಉಬ್ಬಿ, ಗಂಜಿಯಾಗಬೇಕು. ಬಾರ್ಲಿಯ ಪಿಷ್ಟ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಗಾಗುತ್ತದೆ, ಅಂದರೆ ನಾವು ಮ್ಯಾಶ್ ಮಾಡುವ (ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸಿಡುವ) ಶಾಖದಲ್ಲೇ. ಮೆಕ್ಕೆಜೋಳದ ಪಿಷ್ಟಕ್ಕೆ ಅದಕ್ಕಿಂತ ಹೆಚ್ಚು, 70 ಡಿಗ್ರಿಯನ್ನು ದಾಟುವಷ್ಟು ಶಾಖ ಬೇಕು. ಆ ಶಾಖದಲ್ಲಿ ಮಾಲ್ಟಿನ ಕಿಣ್ವಗಳಲ್ಲಿ ನಾಜೂಕಾದುವು ಬೇಗನೆ ಸಾಯುತ್ತವೆ. ಹಾಗಾಗಿ ಹಸಿ ತರಿಯನ್ನು ನೇರವಾಗಿ ಮ್ಯಾಶ್‌ಗೆ ಸುರಿದರೆ ಅದು ಬಹುಮಟ್ಟಿಗೆ ತರಿಯಾಗಿಯೇ ಚರಟದೊಂದಿಗೆ ಹೊರಹೋಗುತ್ತದೆ. ಚಕ್ಕೆಯಲ್ಲಿ ಈ ತೊಡಕನ್ನು ಹಬೆ ಮತ್ತು ಉರುಳೆ ಮೊದಲೇ ಬಿಡಿಸಿರುತ್ತವೆ. ಮಾಲ್ಟಿನ ಜೊತೆಗೆ ಸುರಿದು ಕಲಕಿದರೆ ಸಾಕು, ಗಿರಣಿಗೆ ಹಾಕುವ ಅಗತ್ಯವೂ ಇಲ್ಲ.

ನನ್ನೊಡನೆ ಬಿಯರ್ ಮಾಡುವ ಅಕ್ಕ ಇದನ್ನು ಒಪ್ಪುವುದಿಲ್ಲ. ಅವಳು ತರಿಯ ಪಕ್ಷ. ಬೇರೊಂದು ಪಾತ್ರೆಯಲ್ಲಿ ತರಿಯನ್ನು ಒಂದಿಷ್ಟು ಮಾಲ್ಟ್ ಪುಡಿಯೊಂದಿಗೆ ನೀರಿಗೆ ಹಾಕಿ, ಸ್ವಲ್ಪ ಹೊತ್ತು 70 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದು, ಆಮೇಲೆ ಅರ್ಧ ಗಂಟೆ ಕುದಿಸಿ, ಅದನ್ನು ಮುಖ್ಯ ಮ್ಯಾಶ್‌ಗೆ ಸೇರಿಸುತ್ತಾಳೆ. ಆ ಅರ್ಧ ಗಂಟೆ ಸೌಟನ್ನು ಕೈಬಿಡುವಂತಿಲ್ಲ, ಬಿಟ್ಟರೆ ತಳ ಹತ್ತುತ್ತದೆ. ‘ಚಕ್ಕೆಯಲ್ಲಿ ಜೋಳ ಮಾತನಾಡುವುದಿಲ್ಲ, ತರಿಯಲ್ಲಿ ಮಾತನಾಡುತ್ತದೆ, ನೀನು ಸೋಮಾರಿ’ ಎನ್ನುತ್ತಾಳೆ. ಜೋಳದ ಸೊಗಡು ತರಿಯಲ್ಲಿ ಒಂದು ಗುಂಜಿ ಹೆಚ್ಚು ಎಂಬುದು ನಿಜ. ಕುದಿಸಿದ ತರಿಯಿಂದ ಬರುವ ದುಂಡಗಿನ ಸಿಹಿ ನನಗೂ ಇಷ್ಟ. ಆದರೆ ಒಂದೇ ಒಲೆ, ಒಂದೇ ದೊಡ್ಡ ಪಾತ್ರೆ ಇರುವವರಿಗೆ ಆ ವ್ಯತ್ಯಾಸಕ್ಕಾಗಿ ಇನ್ನೊಂದು ಪಾತ್ರೆ, ಇನ್ನೂ ಒಂದೂವರೆ ಗಂಟೆ ತೆರಬೇಕೆಂದು ನಾನು ಹೇಳಲಾರೆ.

ನಾನು ನೆಚ್ಚಿಕೊಂಡಿರುವ ಅಳತೆ 20 ಲೀಟರ್ ಬಿಯರಿಗೆ ಹೀಗಿದೆ: ಎರಡು ಸಾಲಿನ (ತೆನೆಯಲ್ಲಿ ಎರಡು ಸಾಲು ಕಾಳಿರುವ) ಬಾರ್ಲಿಯ ತಿಳಿ ಬಣ್ಣದ ಮಾಲ್ಟ್ 3.2 ಕಿಲೋ, ಚಕ್ಕೆ 800 ಗ್ರಾಂ. ಅಂದರೆ ಧಾನ್ಯದ ಐದನೆಯ ಒಂದು ಪಾಲು ಜೋಳ. ಧಾನ್ಯವನ್ನು ಬಟ್ಟೆಯ ಚೀಲದಲ್ಲಿಟ್ಟು ಒಂದೇ ಪಾತ್ರೆಯಲ್ಲಿ ಮುಗಿಸುವ ವಿಧಾನ ನನ್ನದು, ಆದ್ದರಿಂದ 27 ಲೀಟರ್ ನೀರನ್ನು 68 ಡಿಗ್ರಿಗೆ ಕಾಯಿಸಿ ಧಾನ್ಯ ಇಳಿಸುತ್ತೇನೆ, ಅದು 65ರಲ್ಲಿ ನಿಲ್ಲುತ್ತದೆ. ಒಂದು ಗಂಟೆಯ ನಂತರ ಒಂದು ಚಮಚ ದ್ರವವನ್ನು ಬಿಳಿ ತಟ್ಟೆಗೆ ಹಾಕಿ ಅಯೋಡಿನ್ ತೊಟ್ಟಿಕ್ಕಿಸಿ ನೋಡುತ್ತೇನೆ. ಕಪ್ಪುನೀಲಿ ಬಣ್ಣ ಬಂದರೆ ಪಿಷ್ಟ ಇನ್ನೂ ಉಳಿದಿದೆ ಎಂದರ್ಥ, ಅಯೋಡಿನ್ ತನ್ನ ಬಣ್ಣದಲ್ಲೇ ಉಳಿದರೆ ಕೆಲಸ ಮುಗಿದಿದೆ. ಪರೀಕ್ಷೆಗೆ ತೆಗೆದುದನ್ನು ಮರಳಿ ಪಾತ್ರೆಗೆ ಹಾಕಬಾರದು. ಚಕ್ಕೆಯ ವಿಷಯದಲ್ಲಿ ಈ ಪರೀಕ್ಷೆ ನನಗೆ ಎಂದೂ ನಿರಾಸೆ ತಂದಿಲ್ಲ. ಓಟ್ಸ್ ಅಥವಾ ಗೋಧಿಯ ಚಕ್ಕೆ ಹಾಕಿದಾಗ ಚೀಲ ಅಂಟಂಟಾಗಿ ಬಸಿಯಲು ಹಟ ಹಿಡಿಯುತ್ತದಲ್ಲ, ಆ ತೊಂದರೆ ಇಲ್ಲಿ ಇಲ್ಲವೆಂದೇ ಹೇಳಬೇಕು.

ಈ ಅಳತೆಯಲ್ಲಿ ಹುದುಗುವ ಮುನ್ನ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.046 ತೋರಿಸುತ್ತದೆ, ಹುದುಗಿ ಮುಗಿದಾಗ 1.008ರ ಸುತ್ತ ನಿಲ್ಲುತ್ತದೆ, ಮದ್ಯಾಂಶ ಶೇಕಡಾ 5. ಅಮೆರಿಕದ ಬಿಯರ್ ಸ್ಪರ್ಧೆಗಳ ತೀರ್ಪುಗಾರರು ಬಳಸುವ ಬಿಜೆಸಿಪಿ ಕೈಪಿಡಿಯಲ್ಲಿ ಕ್ರೀಮ್ ಏಲ್‌ಗೆ ಹೇಳಿರುವ ಮಿತಿಯೊಳಗೇ ಇದು ಬರುತ್ತದೆ. ಅಲ್ಲಿ ಕಹಿಗೆ ಕೊಟ್ಟಿರುವ ಮಿತಿ 8ರಿಂದ 20 ಐಬಿಯು (ಕಹಿಯನ್ನು ಅಳೆಯುವ ಮಾನ). ಕಹಿಯ ಮೂಲವಾದ ಆಲ್ಫಾ ಆಮ್ಲ ಶೇಕಡಾ 4ರಷ್ಟಿರುವ ಲಿಬರ್ಟಿ ಹಾಪ್ಸ್ 25 ಗ್ರಾಂ ಅನ್ನು ಒಂದು ಗಂಟೆ ಕುದಿಸಿದರೆ ಹನ್ನೆರಡರ ಆಸುಪಾಸು ಸಿಗುತ್ತದೆ. ಅಷ್ಟೇ ಸಾಕು. ಕೊನೆಯಲ್ಲಿ ಪರಿಮಳಕ್ಕೆಂದು ಹಿಡಿಗಟ್ಟಲೆ ಹಾಪ್ಸ್ ಸುರಿಯುವ ಉತ್ಸಾಹವನ್ನು ಈ ಬಿಯರಿನಲ್ಲಿ ತೋರಿಸಬೇಡಿ, ಜೋಳ ಹಾಕಿದ್ದೇ ವ್ಯರ್ಥವಾಗುತ್ತದೆ.

ಇನ್ನು ಜೋಳ ಮಾಡುವ ಕೆಲಸ ಏನು? ಮೆಕ್ಕೆಜೋಳದ ಮುಖ್ಯ ಪ್ರೋಟೀನು ಝೀನ್, ಅದು ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ಚಕ್ಕೆ, ಹುದುಗುವ ಮುನ್ನಿನ ಸಿಹಿ ರಸವಾದ ವರ್ಟ್‌ಗೆ ಸಕ್ಕರೆಯನ್ನು ಕೊಡುತ್ತದೆ, ಪ್ರೋಟೀನನ್ನು ಬಹುತೇಕ ಕೊಡುವುದಿಲ್ಲ, ಬಣ್ಣವನ್ನಂತೂ ಕೊಡುವುದೇ ಇಲ್ಲ. ಬಿಯರ್ ತಿಳಿಯಾಗುತ್ತದೆ, ಹುಲ್ಲು ಹಳದಿಯಾಗಿ ಹೊಳೆಯುತ್ತದೆ, ನಾಲಿಗೆಯ ಮೇಲೆ ಭಾರ ಇಳಿಸದೆ ಗಂಟಲಿಗೆ ಜಾರುತ್ತದೆ. ಅಮೆರಿಕದಲ್ಲಿ 19ನೆಯ ಶತಮಾನದಲ್ಲಿ ಈ ಏಲ್ ಹುಟ್ಟಿದ್ದಕ್ಕೂ ಈ ಗುಣಕ್ಕೂ ಸಂಬಂಧವಿದೆ. ಜರ್ಮನಿಯಿಂದ ವಲಸೆ ಬಂದವರ ತಿಳಿ ಲಾಗರ್ (ಬೇರೆ ಬಗೆಯ ಯೀಸ್ಟಿನಿಂದ ತಣ್ಣಗೆ ಹುದುಗಿಸುವ ಬಿಯರ್) ಜನರ ಮನ ಗೆದ್ದಾಗ, ಏಲ್ ತಯಾರಕರು ತಮ್ಮ ಯೀಸ್ಟ್ ಬಿಡದೆಯೇ ಅಷ್ಟೇ ಹಗುರವಾದ ಬಿಯರ್ ಕೊಡಬೇಕಾಯಿತು. ಅಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನೂ ಹೆಚ್ಚು, ಕಿಣ್ವಗಳೂ ಹೆಚ್ಚು. ಬರೀ ಅದರಿಂದಲೇ ಮಾಡಿದರೆ ಬಿಯರ್ ಮಬ್ಬಾಗುತ್ತಿತ್ತು. ಜೋಳ ಬೆರೆಸಿದಾಗ ಪ್ರೋಟೀನಿನ ಪಾಲು ತಗ್ಗಿತು, ಮಿಗುತ್ತಿದ್ದ ಕಿಣ್ವಗಳು ಜೋಳದ ಪಿಷ್ಟವನ್ನು ಒಡೆದವು. ಎರಡು ಧಾನ್ಯಗಳು ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಂಡ ಈ ಜೋಡಿಯನ್ನು ಬರೀ ಅಗ್ಗದ ಉಪಾಯ ಎಂದು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 1960ರಲ್ಲಿ ಮಾರುಕಟ್ಟೆಗೆ ಬಂದ ಜೆನೆಸೀ ಕ್ರೀಮ್ ಏಲ್ ಇಂದಿಗೂ ತಯಾರಾಗುತ್ತಿದೆ.

ಚಕ್ಕೆಯ ಮೇಲೆ ಹೊರಿಸುವ ಇನ್ನೊಂದು ಅಪವಾದವಿದೆ: ಬಿಯರಿನಲ್ಲಿ ಬೇಯಿಸಿದ ಜೋಳದ ವಾಸನೆ ಬಂದರೆ ಅದಕ್ಕೆ ಚಕ್ಕೆಯೇ ಕಾರಣ ಎನ್ನುತ್ತಾರೆ. ಆ ವಾಸನೆಯ ಮೂಲ ಹೆಚ್ಚಾಗಿ ಬಾರ್ಲಿ ಮಾಲ್ಟ್! ಹಗುರವಾಗಿ ಒಣಗಿಸಿದ ತಿಳಿ ಮಾಲ್ಟಿನಲ್ಲಿ ಎಸ್‌ಎಂಎಂ ಎಂಬ ವಸ್ತು ಉಳಿದಿರುತ್ತದೆ. ಬಿಸಿ ತಗುಲಿದಾಗ ಅದು ಡೈಮೀಥೈಲ್ ಸಲ್ಫೈಡ್ ಆಗಿ ಒಡೆಯುತ್ತದೆ, ಬೇಯಿಸಿದ ಜೋಳದ ಆ ವಾಸನೆ ಅದರದು. ಸುಮಾರು 37 ಡಿಗ್ರಿಯಲ್ಲೇ ಆವಿಯಾಗುವ ಈ ವಸ್ತುವನ್ನು ಓಡಿಸಲು ಪಾತ್ರೆಯ ಮುಚ್ಚಳ ತೆಗೆದು ಕೊತಕೊತನೆ ಕುದಿಸಬೇಕು, ಒಲೆ ಆರಿಸಿದ ಕೂಡಲೇ ತಣಿಸಬೇಕು. ಬಿಸಿಯಾಗಿಯೇ ಬಿಟ್ಟರೆ ಅದು ಹುಟ್ಟುತ್ತಲೇ ಇರುತ್ತದೆ, ಹೊರಹೋಗಲು ಆವಿ ಮಾತ್ರ ಇರುವುದಿಲ್ಲ. ಕ್ರೀಮ್ ಏಲ್‌ನಲ್ಲಿ ಆ ವಾಸನೆಯ ಸಣ್ಣ ಎಳೆಯೊಂದನ್ನು ಕೈಪಿಡಿಯೇ ಮನ್ನಿಸುತ್ತದೆ. ಆದರೆ ಮುಚ್ಚಿಟ್ಟು ಕುದಿಸಿದವರು ಚಕ್ಕೆಯನ್ನು ಬೈಯಬಾರದು.

ಜೋಳದ ಸಕ್ಕರೆಯ ವಿಚಾರಕ್ಕೆ ಬರೋಣ. ಡೆಕ್ಸ್ಟ್ರೋಸ್ ಎಂದು ಮಾರುವ ಈ ಪುಡಿಯನ್ನು ಕುದಿಯುವ ವರ್ಟ್‌ಗೆ ಹಾಕಿದರೆ ಕರಗಿಹೋಗುತ್ತದೆ, ಬಿಯರ್ ಸಿಹಿ ಕಳೆದು ಹಗುರವಾಗುತ್ತದೆ, ಕೆಲಸವೂ ಸುಲಭ. ಚಕ್ಕೆಯ ಬದಲು ಇದನ್ನೇ ಹಾಕಿ ಎಂದು ಸಲಹೆ ಕೊಡುವವರು ಬಹಳ. ಎರಡನ್ನೂ ಎದುರುಬದುರು ಇಟ್ಟು ಕುಡಿದು ನೋಡಿ. ಸಕ್ಕರೆಯ ಬಿಯರಿನಲ್ಲಿ ಗುಟುಕಿನ ನಡುವೆ ಒಂದು ಖಾಲಿ ಜಾಗವಿದೆ. ಚಕ್ಕೆಯ ಬಿಯರಿನಲ್ಲಿ ಆ ಜಾಗದಲ್ಲಿ ನವಿರಾದ ಧಾನ್ಯದ ಸಿಹಿ ಇರುತ್ತದೆ. ಡೆಕ್ಸ್ಟ್ರೋಸ್ ಪೂರ್ತಿ ಹುದುಗಿಹೋಗುತ್ತದೆ. ಚಕ್ಕೆಯ ಪಿಷ್ಟ ಮ್ಯಾಶ್‌ನಲ್ಲಿ ಒಡೆಯುವಾಗ ಯೀಸ್ಟ್ ತಿನ್ನಲಾಗದ ಒಂದಿಷ್ಟು ಡೆಕ್ಸ್ಟ್ರಿನ್‌ಗಳನ್ನು ಉಳಿಸುತ್ತದೆ. ಬೆಳಗಿನ ತಿಂಡಿಯ ಕಾರ್ನ್ ಫ್ಲೇಕ್ಸ್ ಹಾಕುವವರೂ ಇದ್ದಾರೆ. ಅದರಲ್ಲಿ ಉಪ್ಪು, ಸಕ್ಕರೆ, ಹಲವು ಸಲ ಸೇರಿಸಿದ ಕಬ್ಬಿಣದ ಅಂಶವೂ ಇರುತ್ತದೆ. ಕಬ್ಬಿಣ ಬಿಯರಿಗೆ ಹಾಳು, ನಾನಂತೂ ಆ ಡಬ್ಬಿಯನ್ನು ಮುಟ್ಟುವುದಿಲ್ಲ.

ಯೀಸ್ಟ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಾಫ್‌ಏಲ್ ಯುಎಸ್-05ರಂತಹ, ತನ್ನ ಹಣ್ಣಿನ ವಾಸನೆಯನ್ನು ಮೆರೆಸದ ತಳಿ ಸಾಕು. 17-18 ಡಿಗ್ರಿಯಲ್ಲಿ ಹುದುಗಿಸಿ, ಹೈಡ್ರೋಮೀಟರ್ ಅಲುಗದೆ ನಿಂತ ಮೇಲೆ ಎರಡು ಮೂರು ವಾರ ತಣ್ಣಗೆ, ಹೆಪ್ಪುಗಟ್ಟದ ಹಾಗೆ ಇಡಿ. ಈ ತಣ್ಣನೆಯ ವಿರಾಮವನ್ನು ಮಾತ್ರ ಬಿಡಬೇಡಿ. ಮಡ್ಡಿ ಇಳಿದು ಬಿಯರ್ ಹೊಳಪು ಪಡೆಯುವುದು ಆಗಲೇ. ಬಾಟಲಿಗೆ ತುಂಬುವಾಗ ಲೀಟರಿಗೆ ಆರೂವರೆ ಗ್ರಾಂ ಸಕ್ಕರೆ ಹಾಕುತ್ತೇನೆ, ಕುಡಿಯುವ ಮೊದಲ ಗುಟುಕಿನಲ್ಲಿ ಚುರುಕು ಇರಬೇಕು.

ಎಷ್ಟು ಚಕ್ಕೆ ಹಾಕಬೇಕೆಂಬುದರ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಶೇಕಡಾ 10ರಲ್ಲಿ ಅದರ ಇರವು ತಿಳಿಯುವುದೇ ಇಲ್ಲ. 20ರಲ್ಲಿ ಹದ. 30 ದಾಟಿದರೆ ಬಿಯರ್ ನೀರಾಗುವುದಲ್ಲದೆ, ಜೋಳ ಕೊಡದ ಸಾರಜನಕಕ್ಕಾಗಿ ಯೀಸ್ಟ್ ಪರದಾಡುತ್ತದೆ, ಹುದುಗುವುದು ನಿಧಾನವಾಗುತ್ತದೆ. ಅಕ್ಕ 25 ಎನ್ನುತ್ತಾಳೆ. ಅವಳ ಬಿಯರನ್ನು ನಾನು ಬೇಡವೆಂದಿಲ್ಲ.

ಪೊಟ್ಟಣ ಕಟ್ಟುವವರ ಮೇಲೆ ಎರಡು ದೂರುಗಳಿವೆ. ನಾನು ಕೊಂಡ ಪೊಟ್ಟಣಗಳಲ್ಲಿ ತೂಕ ದಪ್ಪಕ್ಷರದಲ್ಲಿರುತ್ತದೆ, ಒತ್ತಿ ತಯಾರಿಸಿದ ದಿನಾಂಕ ಇರುವುದಿಲ್ಲ. ಬೇಗ ಹಳಸುವ ಧಾನ್ಯಕ್ಕೆ ದಿನಾಂಕಕ್ಕಿಂತ ಮುಖ್ಯವಾದುದು ಯಾವುದಿದೆ? ಹಾಗಾಗಿ ಬೇಕಾದಷ್ಟನ್ನೇ ಕೊಳ್ಳಿ, ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಗೆ ಸುರಿದು ತಂಪಾದ ಕತ್ತಲೆಯ ಜಾಗದಲ್ಲಿಡಿ, ಬೇಗ ಮುಗಿಸಿ.

ಎರಡನೆಯದು ಇನ್ನೂ ಗಂಭೀರ. ಮಾಲ್ಟ್ ಸಾರದ ಡಬ್ಬಿಯಿಂದಲೇ ಬಿಯರ್ ಮಾಡುವ ಹೊಸಬರು ಈ ಚಕ್ಕೆಯನ್ನು ಕೊಂಡು ಬಿಸಿನೀರಿನಲ್ಲಿ ನೆನೆಸಿ, ಸೋಸಿ ಹಾಕುತ್ತಾರೆ. ಚಕ್ಕೆಯಲ್ಲಿ ಸ್ವಂತ ಕಿಣ್ವವಿಲ್ಲ. ಮಾಲ್ಟ್ ಜೊತೆಗಿಲ್ಲದೆ ನೆನೆಸಿದರೆ ಸಿಗುವುದು ಪಿಷ್ಟದ ಮಬ್ಬು ನೀರು ಮಾತ್ರ, ಬಿಯರ್ ಎಂದೂ ತಿಳಿಯಾಗುವುದಿಲ್ಲ. ‘ಕಿಣ್ವವುಳ್ಳ ಮಾಲ್ಟಿನೊಂದಿಗೆ ಮ್ಯಾಶ್ ಮಾಡಿಯೇ ಬಳಸಿ’ ಎಂಬ ಒಂದು ಸಾಲು ಪೊಟ್ಟಣದ ಮೇಲೆ ಇರಲೇಬೇಕಿತ್ತು. ಮ್ಯಾಶ್ ಮಾಡುವ ಪಾತ್ರೆ ಇಲ್ಲದವರು ಒಂದು ಕಿಲೋ ತಿಳಿ ಮಾಲ್ಟಿನೊಂದಿಗೆ ಚಕ್ಕೆಯನ್ನು ಸಣ್ಣ ಚೀಲದಲ್ಲಿಟ್ಟು 65 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದು, ಆ ರಸಕ್ಕೆ ಮಾಲ್ಟ್ ಸಾರವನ್ನು ಸೇರಿಸಬಹುದು. ಅದೂ ಸಾಧ್ಯವಿಲ್ಲದಿದ್ದರೆ ಈ ಪೊಟ್ಟಣವನ್ನು ಸದ್ಯಕ್ಕೆ ಕೊಳ್ಳಬೇಡಿ. ಮ್ಯಾಶ್ ಮಾಡುವವರೆಲ್ಲರೂ ಕೊಳ್ಳಿ, ಮೊದಲ ಸಲಕ್ಕೆ 800 ಗ್ರಾಂ ಸಾಕು.