ನೀಲಿ ಹೊಗೆ ಬಂದ ಮಾತ್ರಕ್ಕೆ ಟರ್ಬೊ ಬದಲಿಸಬೇಡಿ

ಹಳೆಯ ಟರ್ಬೊ ಡೀಸೆಲ್ ಕಾರು ಇಟ್ಟುಕೊಂಡವರು ದಯವಿಟ್ಟು ಓದಿ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ. ನನ್ನ 31 ಸಾವಿರ ರೂಪಾಯಿ ಹೋಯಿತು, ನಿಮ್ಮದಾದರೂ ಉಳಿಯಲಿ.

ನನ್ನದು 2010ರ ಗಾಡಿ. ಕಳೆದ ಬೇಸಿಗೆಯಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ಬರುವಾಗ ಬೈಕಿನ ಹುಡುಗನೊಬ್ಬ ಪಕ್ಕಕ್ಕೆ ಬಂದು, "ಅಣ್ಣಾ, ಗಾಡಿ ಭಾಳ ಹೊಗಿ ಬಿಡ್ಲಾಕತ್ತದ ನೋಡ್ರಿ" ಅಂದ. ಇಳಿದು ನೋಡಿದೆ, ನೀಲಿ ಹೊಗೆ. ಕಪ್ಪು ಹೊಗೆಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಅಂತ. ನೀಲಿ ಅಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ಗೇಜ್ ಎಳೆದರೆ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ.

ಊರಿನ ಒಂದು ಗ್ಯಾರೇಜಿನಲ್ಲಿ ಹೊಗೆ ನೋಡಿದ ತಕ್ಷಣ "ಟರ್ಬೊ ಹೋಗ್ಯಾದ್ರಿ" ಅಂದರು. ಒಂದು ಪೈಪನ್ನೂ ಬಿಚ್ಚಿ ನೋಡಲಿಲ್ಲ. ನಾನೂ ಒಪ್ಪಿಬಿಟ್ಟೆ. ರಿಪೇರಿಯಾದ ಟರ್ಬೊ ಕೂರಿಸಿದ ಮೇಲೂ ಹೊಗೆ ನಿಲ್ಲಲಿಲ್ಲ. ಟರ್ಬೊ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನಲ್ಲಿ ಉಳಿದ ಆಯಿಲ್ ಉರಿಯುತ್ತಿದೆ ಅಂದರು. ಹಾಗೆ ಸ್ವಲ್ಪ ದಿನ ಹೊಗೆ ಬರುವುದು ನಿಜ, ಅದಕ್ಕೇ ನಂಬಿದೆ. ಮೂರು ವಾರ ಕಳೆದರೂ ಅದೇ ಹೊಗೆ. ಆಗ ಬಂದ ಮಾತು: "ರಿಂಗ್ ಹೋಗ್ಯಾವ, ಎಂಜಿನ್ ಇಳಸ್ಬೇಕು." ಅಂದರೆ ಪಿಸ್ಟನ್ ಸುತ್ತ ಇದ್ದು ಆಯಿಲ್ ಮೇಲೆ ಬಾರದಂತೆ ತಡೆಯುವ ರಿಂಗ್ ಸವೆದಿವೆ ಅಂತ.

ಆಗ ನಮ್ಮ ಕಾಕಾ ತಮಗೆ ಪರಿಚಯದ ಟ್ರ್ಯಾಕ್ಟರ್ ಮಿಸ್ತ್ರಿ ಹತ್ತಿರ ಕರೆದುಕೊಂಡು ಹೋದರು. ಆ ಹಿರಿಯರು ಮೊದಲು ಕೇಳಿದ್ದೇ "ಹೊಗಿ ಯಾವಾಗ ಬರ್ತದ?" ಅಂತ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬಂದು ನಿಂತರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗೆ ಸೋರದಂತೆ ತಡೆಯುವ ಸೀಲ್) ಮೇಲೆ ಅನುಮಾನ. ಲೋಡ್ ಎಳೆಯುವಾಗ ಬಿಡದೆ ಬಂದರೆ ರಿಂಗ್. ಬಹಳ ಹೊತ್ತು ಐಡಲ್‌ನಲ್ಲಿ ನಿಂತು, ಆಮೇಲೆ ಆಕ್ಸಿಲರೇಟರ್ ತುಳಿದಾಗ ದಟ್ಟವಾಗಿ ಬಂದರೆ ಟರ್ಬೊ ಕಡೆಯಿಂದ ಆಯಿಲ್ ಬರುತ್ತಿರಬಹುದು. ಇವೆಲ್ಲ ಸುಳಿವು ಮಾತ್ರ. ನನ್ನದು ಮೂರನೆಯ ಥರ.

ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಕ್ಯಾಪ್ ಸಡಿಲಿಸಿದರು. ಕ್ಯಾಪ್ ಕುಣಿಯುತ್ತಿತ್ತು, ಒಳಗಿಂದ ಅಷ್ಟು ಗಾಳಿ. ಆಮೇಲೆ ಎಂಜಿನ್ ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪ್ ಬಿಚ್ಚಿದರೆ ಒಳಗೆಲ್ಲ ಗಟ್ಟಿ ಮಡ್ಡಿ! ಪೈಪ್ ಬಿಚ್ಚಿದ ಕೂಡಲೇ ಕ್ಯಾಪಿನ ಕುಣಿತ ನಿಂತಿತು. "ರಿಂಗ್ ಹೋಗಿದ್ರ ಇಷ್ಟಾದ್ಮ್ಯಾಲೂ ಜೋರಾಗೇ ಊದ್ತಿತ್ತು" ಅಂದರು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್‌ನಲ್ಲಿ ನಾಲ್ಕೂ ಸಿಲಿಂಡರ್ ಹೆಚ್ಚುಕಡಿಮೆ ಸಮ ಬಂದವು.

ಟರ್ಬೊ ಒಳಗೆ ತಿರುಗುವ ಶಾಫ್ಟಿಗೆ ರಬ್ಬರ್ ಸೀಲ್ ಇರುವುದಿಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ರಿಂಗ್ ಇರುತ್ತದೆ. ಆಯಿಲ್ ಒತ್ತಡದಿಂದ ಬಂದು, ರಿಟರ್ನ್ ಪೈಪಿನಲ್ಲಿ ತನ್ನ ಭಾರಕ್ಕೇ ಕೆಳಗಿಳಿಯಬೇಕು. ಬ್ರೀದರ್ ಕಟ್ಟಿ ಎಂಜಿನ್ ಒಳಗೆ ಗಾಳಿ ತುಂಬಿದರೆ ಇಳಿಯಲಾಗದೆ ರಿಂಗ್ ದಾಟುತ್ತದೆ. ರಿಟರ್ನ್ ಪೈಪ್ ಕಟ್ಟಿದರೂ, ಆಯಿಲ್ ಹೆಚ್ಚು ಹಾಕಿದರೂ ಹೀಗೇ. ತೊಗರಿ ರಾಶಿಯ ದಿನಗಳ ಧೂಳಿಗೆ ಏರ್ ಫಿಲ್ಟರ್ ಕಟ್ಟಿದರೆ ಟರ್ಬೊ ಆಯಿಲನ್ನೇ ಎಳೆದುಕೊಳ್ಳಬಹುದು. ಇವನ್ನು ನೋಡದೆ ಹೊಸ ಟರ್ಬೊ ಹಾಕಿದರೆ ಅದೂ ಆಯಿಲ್ ಬಿಡುತ್ತದೆ.

ಟರ್ಬೊ ನಿಜಕ್ಕೂ ಹೋಗಿದೆಯೇ ಎಂದು ತಿಳಿಯಲು ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಇನ್‌ಟೇಕ್ ಪೈಪ್ ಬಿಚ್ಚಿಸಿ ಶಾಫ್ಟ್ ಅಲ್ಲಾಡಿಸಿ ತೋರಿಸಲು ಹೇಳಿ. ಅಡ್ಡಕ್ಕೆ ತುಸು ಆಡುವುದು ಸಹಜ. ಹಿಂದೆ ಮುಂದೆ ಆಡಿದರೆ, ಬ್ಲೇಡ್ ಗೋಡೆಗೆ ಉಜ್ಜಿದ್ದರೆ ಹೋಗಿದೆ ಅಂತಲೇ.

ಹಾಗಂತ ನೀಲಿ ಹೊಗೆ ಇಟ್ಟುಕೊಂಡು ದೂರ ಓಡಿಸಬೇಡಿ. ಟರ್ಬೊದಿಂದ ಆಯಿಲ್ ಜಾಸ್ತಿ ನುಗ್ಗಿದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು ತಾನಾಗೇ ರೇಸ್ ಆಗುತ್ತದೆ, ಕೀ ತೆಗೆದರೂ ನಿಲ್ಲದಿರಬಹುದು. ಗೇರ್ ಗಾಡಿಯಾದರೆ ಬ್ರೇಕ್ ಗಟ್ಟಿಯಾಗಿ ತುಳಿದು ನಿಲ್ಲಿಸಿ, ದೊಡ್ಡ ಗೇರ್ ಹಾಕಿ ಕ್ಲಚ್ ಬಿಟ್ಟು ಬಂದ್ ಮಾಡಬೇಕು. ಬಾನೆಟ್ ಎತ್ತಿ ಕೈ ಹಾಕಲು ಹೋಗಬೇಡಿ.

ಬಿಚ್ಚಿದ ಹಳೆ ಟರ್ಬೊವನ್ನು ಅಂದೇ ಕೇಳಿ ಪಡೆಯಿರಿ. ನಾನು ಕೇಳಲು ಹೋಗುವಷ್ಟರಲ್ಲಿ ನನ್ನದು ಗುಜರಿಗೆ ಹೋಗಿತ್ತು.