ಕ್ಯಾಂಪಸ್ ಆಫರೋ, ಅಪ್ರೆಂಟಿಸ್‌ಶಿಪ್ಪೋ?

ಬೆಂಗಳೂರಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವವರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ.

ಕ್ಯಾಂಪಸ್‌ನಲ್ಲಿ ಕಂಪನಿಯೇ ಕಾಲೇಜಿಗೆ ಬರುತ್ತದೆ. ಮೊದಲು ಆಪ್ಟಿಟ್ಯೂಡ್ ಪರೀಕ್ಷೆ, ಆಮೇಲೆ ಟೆಕ್ನಿಕಲ್, ಕೊನೆಗೆ ಎಚ್‌ಆರ್ ಸುತ್ತು. ಶೇ 60 ಅಂಕವಿಲ್ಲದವರನ್ನು, ಬ್ಯಾಕ್‌ಲಾಗ್ (ಇನ್ನೂ ಪಾಸಾಗದ ವಿಷಯ) ಇರುವವರನ್ನು ಹಲವು ಕಂಪನಿಗಳು ಪರೀಕ್ಷೆಗೂ ಕೂರಿಸುವುದಿಲ್ಲ. ಸಂಬಳ ಸಾಮಾನ್ಯವಾಗಿ ಅಪ್ರೆಂಟಿಸ್‌ಶಿಪ್ಪಿನ ಸ್ಟೈಪೆಂಡ್‌ಗಿಂತ ಹೆಚ್ಚು. ಆದರೆ ಆಫರ್ ಲೆಟರ್ ಬೇರೆ, ಸೇರುವ ದಿನಾಂಕ ಬೇರೆ. ಲೆಟರ್ ಕೈಲಿಟ್ಟುಕೊಂಡು ನಾನು ಏಳು ತಿಂಗಳು ವಿಜಯನಗರದ ಪಿಜಿಯಲ್ಲಿ ದಿನಾ ಬೆಳಿಗ್ಗೆ ಮೇಲ್ ನೋಡುತ್ತಾ ಕೂತಿದ್ದೆ. ಊರಿಂದ ಅಪ್ಪ ಫೋನ್ ಮಾಡಿ 'ಕರೆದ್ರೇನೋ?' ಅಂದರೆ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಬಾಂಡ್, ಅಂದರೆ ಅವಧಿಗೆ ಮೊದಲೇ ಕೆಲಸ ಬಿಟ್ಟರೆ ಹಣ ಕಟ್ಟಬೇಕೆಂಬ ಕರಾರು, ಇದ್ದರೆ ಎಷ್ಟು ವರ್ಷ, ಎಷ್ಟು ಹಣ ಎಂದು ಸಹಿಗೆ ಮೊದಲೇ ಓದಿಕೊಳ್ಳಿ.

ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತಾ ಸಂಸ್ಥೆಯಲ್ಲೇ ಕೆಲಸ ಕಲಿಯುವುದು, 1961ರ ಅಪ್ರೆಂಟಿಸ್ ಕಾಯ್ದೆಯಡಿ ಬರುತ್ತದೆ. ಪದವೀಧರರಿಗೆ ಸಾಮಾನ್ಯವಾಗಿ ಒಂದು ವರ್ಷ. ಬಿಇಎಲ್, ಎಚ್‌ಎಎಲ್‌ನಂಥ ಸಂಸ್ಥೆಗಳು ತೆಗೆದುಕೊಳ್ಳುತ್ತವೆ. ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಯೋಜನೆಯಾದ ನ್ಯಾಟ್ಸ್‌ನ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ವರ್ಷ ಮುಗಿದ ಮೇಲೆ ಕೆಲಸ ಸಿಕ್ಕೇ ಸಿಗುತ್ತದೆಂಬ ಖಾತ್ರಿಯಿಲ್ಲ.

ಸಾಲದ ಕಂತು ತಲೆಮೇಲಿದ್ದರೆ ಕ್ಯಾಂಪಸ್ಸೇ ಸರಿ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿ ಅದೇ ಕೆಲಸ ಬೇಕೆನ್ನುವವರು, ಮನೆಯಲ್ಲಿ ಒಂದು ವರ್ಷ ತಡೆದುಕೊಳ್ಳುತ್ತಾರೆಂದರೆ, ಅಪ್ರೆಂಟಿಸ್‌ಶಿಪ್ಪಿಗೇ ಹೋಗಿ. ಯಂತ್ರ ಮುಟ್ಟಿ ಕಲಿತವರು ಮುಂದಿನ ಇಂಟರ್‌ವ್ಯೂನಲ್ಲಿ ತಡವರಿಸುವುದಿಲ್ಲ, ನಾನೇ ನೋಡಿದ್ದೇನೆ.